ಇನ್ನು ಮುಂದೆ ನಮ್ಮಲ್ಲಿ "ಲೇಡೀಸ್ ಸೆಟ್" ಇರುವುದಿಲ್ಲ

ನಮಸ್ಕಾರ,

ವಿಷಯ ನೇರವಾಗಿ ಹೇಳಿಬಿಡುತ್ತೇವೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ "ಲೇಡೀಸ್ ಸೆಟ್" ಅಂತ ಡಬ್ಬಿಯಲ್ಲಿ ಬರುವ ಗಾಲ್ಫ್ ಕ್ಲಬ್ಬುಗಳನ್ನು (ಚೆಂಡು ಹೊಡೆಯುವ ಕೋಲುಗಳನ್ನು) ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ. ಬಾಗಿಲ ಎಡಗಡೆ ಗುಲಾಬಿ ಬ್ಯಾಗುಗಳ ಮೂಲೆ ಇತ್ತಲ್ಲ, ಅದು ಹೋಗುತ್ತದೆ. ಇದನ್ನು ಕೇಳಿ "ಹೆಂಗಸರಿಗೆ ಕ್ಲಬ್ ಮಾರೋದೇ ನಿಲ್ಲಿಸ್ತಿದ್ದಾರಂತೆ" ಅಂತ ಯಾರೋ ವಾಟ್ಸಾಪಿನಲ್ಲಿ ಹಬ್ಬಿಸಿದ್ದಾರೆ. ಹಾಗೇನೂ ಇಲ್ಲ, ಪೂರ್ತಿ ಉಲ್ಟಾ. ಹೆಂಗಸರು ಜಾಸ್ತಿ ಬರತೊಡಗಿದ ಮೇಲೇ ನಾವು ಇಷ್ಟು ವರ್ಷ ಮಾಡುತ್ತಿದ್ದ ತಪ್ಪು ನಮಗೆ ಗೊತ್ತಾಗಿದ್ದು.

ಬೆಂಗಳೂರಿನಲ್ಲಿ ನಾವು ಅಂಗಡಿ ತೆರೆದ ಹೊಸತರಲ್ಲಿ ಹೆಂಗಸರು ಒಳಗೆ ಬಂದರೆ ಜೊತೆಯಲ್ಲಿ ಗಂಡನೋ ಅಪ್ಪನೋ ಇರುತ್ತಿದ್ದರು. ಮಾತೆಲ್ಲ ಅವರದೇ. ನಾವೂ ಅವರ ಮುಖ ನೋಡಿಕೊಂಡೇ ಉತ್ತರ ಕೊಡುತ್ತಿದ್ದೆವು, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಈಗ ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೆ ಬಿಟ್ಟು ರೇಂಜಿಗೆ (ಹೊಡೆತ ಅಭ್ಯಾಸ ಮಾಡುವ ಮೈದಾನಕ್ಕೆ) ಹೋಗುವ ದಾರಿಯಲ್ಲಿ ಒಬ್ಬರೇ ಬರುತ್ತಾರೆ, ಇಬ್ಬರು ಗೆಳತಿಯರು ಸೇರಿ ಬರುತ್ತಾರೆ, ಮೊನ್ನೆ ಒಬ್ಬರು ತಮ್ಮ ಅತ್ತೆಯನ್ನೇ ಕರೆದುಕೊಂಡು ಬಂದಿದ್ದರು. ಗ್ರಿಪ್ (ಕ್ಲಬ್ಬಿನ ಹಿಡಿ) ಅಳತೆ ತೆಗೆಯುವಾಗ ಬಳೆ, ಉಂಗುರ ತೆಗೆದಿಡಲಿ ಅಂತ ಕೌಂಟರ್ ಮೇಲೆ ಒಂದು ಸ್ಟೀಲ್ ಬಟ್ಟಲು ಇಟ್ಟಿದ್ದೇವೆ. ಅದು ಖಾಲಿ ಇರುವ ದಿನವೇ ಕಮ್ಮಿ.

ಇದಕ್ಕೆ ಕಾರಣ ಒಂದೇ ಅಂತ ಹೇಳಲು ಆಗುವುದಿಲ್ಲ. ಆದರೆ ನಮ್ಮ ಅಂಗಡಿಯಲ್ಲಿ ಎಲ್ಲರೂ ಹೇಳುವುದು 2021ರ ಆಗಸ್ಟ್ 7ರ ಬೆಳಿಗ್ಗೆಯ ಕಥೆ. ಟೋಕಿಯೋ ಒಲಿಂಪಿಕ್ಸ್, ನಮ್ಮೂರಿನ ಅದಿತಿ ಅಶೋಕ್ ಪದಕದ ಹತ್ತಿರ ಇದ್ದಾರೆ ಅಂತ ಗೊತ್ತಾಗಿ, ಗಾಲ್ಫ್ ಅಂದರೆ ಏನಂತಲೇ ಗೊತ್ತಿಲ್ಲದ ಮನೆಗಳಲ್ಲೂ ಟೀವಿ ಹಾಕಿಕೊಂಡು ಕೂತಿದ್ದರು. ಒಂದೇ ಒಂದು ಸ್ಟ್ರೋಕಿನಲ್ಲಿ ಕಂಚು ತಪ್ಪಿ ನಾಲ್ಕನೇ ಸ್ಥಾನ. ಮುಂದೆ 2023ರಲ್ಲಿ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅದಿತಿಗೆ ಬೆಳ್ಳಿ ಬಂತು. ಆ ಸಲ ಭಾರತದ ಮಹಿಳಾ ತಂಡದಲ್ಲಿ ಇದ್ದವರು ಮೂವರು: ಅದಿತಿ, ಅವನಿ ಪ್ರಶಾಂತ್, ಮೈಸೂರಿನ ಪ್ರಣವಿ ಅರಸ್. ಮೂವರೂ ಕರ್ನಾಟಕದವರೇ! ಇದನ್ನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇವೆ, ಕೇಳಿ ಕೇಳಿ ನಿಮಗೂ ಸಾಕಾಗಿರಬೇಕು.

ಟೋಕಿಯೋದಲ್ಲಿ ನಮ್ಮ ಕಣ್ಣಿಗೆ ಬಿದ್ದದ್ದು ಇನ್ನೊಂದು. ಅಲ್ಲಿದ್ದವರಲ್ಲಿ ತೀರ ಕಡಿಮೆ ದೂರ ಹೊಡೆಯುವವರ ಪೈಕಿ ಅದಿತಿಯೂ ಒಬ್ಬರು. ಬೇರೆಯವರು ಸಣ್ಣ ಐರನ್ (ಹತ್ತಿರದ ಹೊಡೆತದ ಕ್ಲಬ್) ಹಿಡಿಯುವ ಜಾಗದಲ್ಲಿ ಅವರು ಹೈಬ್ರಿಡ್ (ಇನ್ನೂ ದೂರ ಹೊಡೆಯುವ ಕ್ಲಬ್) ಹಿಡಿಯಬೇಕಾಗುತ್ತಿತ್ತು. ಆದರೂ ಆ ಬ್ಯಾಗಿನಲ್ಲಿದ್ದ ಒಂದೊಂದು ಕ್ಲಬ್ಬೂ ಅವರ ಕೈಗೆ ಸರಿಯಾಗಿ ಕೂತಿತ್ತು, ಪಟಿಂಗ್ (ಚೆಂಡನ್ನು ಮೆಲ್ಲಗೆ ಗುಳಿಗೆ ಉರುಳಿಸುವುದು) ಅಂತೂ ಕೇಳಲೇಬೇಡಿ. ಅದನ್ನು ನೋಡಿದವರು ಮಾರನೇ ವಾರ ಅಂಗಡಿಗೆ ಬಂದರೆ ನಾವು ಕೈ ತೋರಿಸಿದ್ದು ಎಲ್ಲಿಗೆ? ಗುಲಾಬಿ ಮೂಲೆಗೆ.

"ಲೇಡೀಸ್" ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಸಾಮಾನ್ಯವಾಗಿ ಗಂಡಸರ 7 ಐರನ್ 37 ಇಂಚು ಇದ್ದರೆ ಲೇಡೀಸ್ 36 ಇಂಚು. ಗ್ರಿಪ್ ತೆಳು. ಶಾಫ್ಟ್, ಅಂದರೆ ಕ್ಲಬ್ಬಿನ ಉದ್ದ ದಂಡ, ಹಗುರ, ಜಾಸ್ತಿ ಬಾಗುತ್ತದೆ. ಅದರ ಮೇಲೆ ಒಂದು ಅಕ್ಷರ ಇರುತ್ತದೆ: ಎಲ್ ಅಂದರೆ ಲೇಡೀಸ್, ಎ ಅಂದರೆ ವಯಸ್ಸಾದವರಿಗೆ, ಆರ್ ಅಂದರೆ ರೆಗ್ಯುಲರ್, ಎಸ್ ಅಂದರೆ ಗಟ್ಟಿ. ಈ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಅಳತೆ ಅನ್ನುವುದೇ ಇಲ್ಲ, ಒಂದು ಕಂಪನಿಯ ಆರ್ ಇನ್ನೊಂದು ಕಂಪನಿಯ ಎಸ್ ಥರ ಇರಬಹುದು. ಶಾಫ್ಟಿಗೆ ನೀವು ಹೆಂಗಸೋ ಗಂಡಸೋ ಅಂತ ಏನು ಗೊತ್ತು? ಅದಕ್ಕೆ ಗೊತ್ತಾಗುವುದು ನೀವು ಎಷ್ಟು ವೇಗವಾಗಿ ಬೀಸುತ್ತೀರಿ ಅನ್ನುವುದೊಂದೇ. ಅಮೆರಿಕದ ವೃತ್ತಿಪರ ಮಹಿಳೆಯರ ಎಲ್‌ಪಿಜಿಎ ಟೂರಿನ ಆಟಗಾರ್ತಿಯರು ಡ್ರೈವರ್ (ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್) ಬೀಸುವ ಸರಾಸರಿ ವೇಗ ಗಂಟೆಗೆ ಸುಮಾರು 94 ಮೈಲಿ. ಭಾನುವಾರ ಆಡಲು ಬರುವ ಎಷ್ಟೋ ಗಂಡಸರ ವೇಗವೂ ಅಷ್ಟೇ, ಕೆಲವರದು ಇನ್ನೂ ಕಮ್ಮಿ. ಆಟದಲ್ಲಿ ಅಜಗಜಾಂತರ ಇದೆ, ಅದು ಬೇರೆ ಮಾತು.

ಈಗ ನಮ್ಮ ತಪ್ಪಿನ ಕಥೆ. ಹೋದ ವರ್ಷ ಒಬ್ಬರು ಬಂದಿದ್ದರು. 5 ಅಡಿ 9 ಇಂಚು ಎತ್ತರ, ಕಾಲೇಜಿನಲ್ಲಿ ಜಾವೆಲಿನ್ ಎಸೆದವರು. ನಾವು ಅಳತೆಯೂ ತೆಗೆಯದೆ ಒಂದು ಲೇಡೀಸ್ ಡಬ್ಬಿ ಕೈಗಿಟ್ಟು ಕಳಿಸಿದೆವು. ಎರಡು ತಿಂಗಳು ಅವರ ಚೆಂಡು ಆಕಾಶಕ್ಕೆ ಎದ್ದು ಎಡಕ್ಕೆ ತಿರುಗಿ ಬೀಳುತ್ತಿತ್ತು. ತನ್ನ ಸ್ವಿಂಗೇ ಸರಿಯಿಲ್ಲ ಅಂದುಕೊಂಡು ಕೋಚ್ ಹತ್ತಿರ ಒದ್ದಾಡಿದರು, ಗಿಡ್ಡ ಕ್ಲಬ್ಬಿಗೆ ಬಗ್ಗಿ ಬಗ್ಗಿ ಸೊಂಟ ನೋವು ಬೇರೆ. ಕೊನೆಗೆ ಸುಮ್ನೆ ತಮಾಷೆಗೆ ಅಣ್ಣನ ಕ್ಲಬ್ ತೆಗೆದು ಹೊಡೆದರೆ ಚೆಂಡು ನೆಟ್ಟಗೆ ಹೋಗಿದೆ. ಅವರು ಜಗಳ ಆಡಲಿಲ್ಲ. ಡಬ್ಬಿ ತಂದು ಕೌಂಟರ್ ಮೇಲಿಟ್ಟು "ನೀವು ನನ್ನ ಕೈ ನೋಡಿದ್ರಾ?" ಅಂತ ಕೇಳಿದರು, ಅಷ್ಟೇ. ದುಡ್ಡು ವಾಪಸ್ ಕೊಟ್ಟೆವು.

ಇದಕ್ಕೆ ತಿರುಗುಮುರುಗಾದ ಕಥೆಯೂ ಇದೆ. 70 ದಾಟಿದ ನಮ್ಮ ಹಳೇ ಗ್ರಾಹಕರೊಬ್ಬರಿಗೆ ಅಳತೆ ಹಾಕಿ ನೋಡಿದರೆ ಎಲ್ ಶಾಫ್ಟೇ ಸರಿ. ಹೊಡೆದು ನೋಡಿದರು, ದೂರವೂ ಜಾಸ್ತಿ ಹೋಯಿತು, ಖುಷಿಯಾದರು. ಆಮೇಲೆ ಶಾಫ್ಟ್ ಮೇಲಿನ ಅಕ್ಷರ ಕಣ್ಣಿಗೆ ಬಿತ್ತು. "ಇದನ್ನ ಹಿಡ್ಕೊಂಡು ಹೋದ್ರೆ ನನ್ನ ಜೊತೆ ಆಡೋ ಆ ಮೂವರು ನನ್ನ ಬಿಡ್ತಾರೇನ್ರೀ" ಅಂತ ವಾಪಸ್ ಇಟ್ಟು ಹೋದವರು, ಎರಡು ದಿನ ಬಿಟ್ಟು ಬಂದು, ಅದೇ ಕ್ಲಬ್ ತಗೊಂಡು, ಅಂಗಡಿಯಲ್ಲೇ ಕೂತು ಉಗುರಿನಿಂದ ಆ ಅಕ್ಷರ ಕೆರೆದು ತೆಗೆದರು.

ಅವರಿಂದಲೇ ನಮಗೆ ಬುದ್ಧಿ ಬಂತು. ಇನ್ನು ಮೇಲೆ ಎಲ್ಲ ಶಾಫ್ಟಿನ ಅಕ್ಷರದ ಮೇಲೂ ನಾವೇ ಬಣ್ಣದ ಟೇಪ್ ಸುತ್ತುತ್ತೇವೆ, ಅದರ ಮೇಲೆ ಯಾವ ವೇಗಕ್ಕೆ ಸರಿ ಅಂತ ಅಂಕಿ ಇರುತ್ತದೆ. ನೀವು ಬಂದರೆ ಮಣಿಕಟ್ಟಿನಿಂದ ನೆಲಕ್ಕೆ ಎಷ್ಟು ಇಂಚು, ಅಂಗೈ ಎಷ್ಟು, ವೇಗ ಎಷ್ಟು, ಇವು ಮೂರನ್ನೂ ಅಳೆಯುತ್ತೇವೆ. 40 ನಿಮಿಷ ಆಗಬಹುದು. ಅಳತೆಗೆ ದುಡ್ಡಿಲ್ಲ, ಕೊಳ್ಳಲೇಬೇಕು ಅಂತಲೂ ಇಲ್ಲ.

ಬೆಲೆ ವಿಷಯ ಮುಚ್ಚಿಡುವುದಿಲ್ಲ. ಡಬ್ಬಿ ಸೆಟ್ಟಿಗೆ ಹೋಲಿಸಿದರೆ ಬಿಡಿ ಕ್ಲಬ್ಬಿಗೆ ಜಾಸ್ತಿ ಆಗುತ್ತದೆ. ಆದರೆ ನಿಯಮದ ಪ್ರಕಾರ 14 ಕ್ಲಬ್ ಅನ್ನುವುದು ಗರಿಷ್ಠ ಮಿತಿ, ಅಷ್ಟೂ ಇರಲೇಬೇಕು ಅಂತಲ್ಲ. ಹೊಸಬರಿಗೆ ಏಳು ಸಾಕು: ದೂರಕ್ಕೆ ಒಂದು ಫೇರ್‌ವೇ ವುಡ್, ಒಂದು ಹೈಬ್ರಿಡ್, 7 ಮತ್ತು 9 ಐರನ್, ಹತ್ತಿರದ ಎತ್ತರದ ಹೊಡೆತಕ್ಕೆ ಎರಡು ವೆಜ್, ಗುಳಿಗೆ ಉರುಳಿಸಲು ಒಂದು ಪಟರ್. ಡ್ರೈವರ್ ಆಮೇಲೆ ನೋಡೋಣ. ಮೊದಲ ತಿಂಗಳು ಬಾಡಿಗೆಗೆ ಒಯ್ದು ಆಡಿ, ಇಷ್ಟವಾಗಿ ಕೊಂಡರೆ ಆ ಬಾಡಿಗೆಯನ್ನು ಬೆಲೆಯಲ್ಲಿ ಕಳೆಯುತ್ತೇವೆ.

ಎಡಗೈ ಆಟಗಾರ್ತಿಯರಿಗೆ ಒಂದು ಮಾತು. ನಿಮ್ಮನ್ನು ನಾವು ಲೆಕ್ಕಕ್ಕೇ ಇಟ್ಟಿರಲಿಲ್ಲ. ನಮ್ಮ ದೇಶದ ದೀಕ್ಷಾ ಡಾಗರ್ ಎಡಗೈಯಲ್ಲಿ ಆಡಿ 2019ರಲ್ಲಿ ದಕ್ಷಿಣ ಆಫ್ರಿಕಾದ ಮಹಿಳಾ ಓಪನ್ ಗೆದ್ದ ಮೇಲೂ ನಮ್ಮ ಕಪಾಟಿನಲ್ಲಿ ಒಂದು ಎಡಗೈ ಲೇಡೀಸ್ ಸೆಟ್ ಇರಲಿಲ್ಲ. ಈಗ ಎಡಗೈ ಕ್ಲಬ್ಬುಗಳನ್ನು ಹಗುರ ಶಾಫ್ಟಿನಲ್ಲೂ ತರಿಸುತ್ತಿದ್ದೇವೆ, ಬರುವುದು ತಡವಾಗುತ್ತದೆ, ದಯವಿಟ್ಟು ಮೊದಲೇ ಹೇಳಿಡಿ.

ಇದು ಎಲ್ಲರಿಗೂ ಇಷ್ಟವಾಗಿಲ್ಲ ಅಂತ ಗೊತ್ತು. "ನಮಗೆ ಅಂತ ಒಂದು ಮೂಲೆ ಇತ್ತು, ಅಲ್ಲಿ ಯಾರೂ ಬಂದು ಉಪದೇಶ ಮಾಡ್ತಿರಲಿಲ್ಲ" ಅಂತ ಇಬ್ಬರು ಮೂವರು ಹೆಂಗಸರೇ ಬೇಜಾರು ಮಾಡಿಕೊಂಡರು. ಅವರು ಹೇಳುವುದರಲ್ಲೂ ಅರ್ಥ ಇದೆ, ಕ್ಲಬ್ ಹಿಡಿದ ಹೆಂಗಸನ್ನು ಕಂಡರೆ ಪಾಠ ಹೇಳಿಕೊಡಲು ಓಡಿ ಬರುವ ಗಂಡಸರು ನಮ್ಮ ಅಂಗಡಿಯಲ್ಲೂ ಇದ್ದಾರಲ್ಲ. (ಕೇಳದೆ ಯಾರಿಗೂ ಟಿಪ್ಸ್ ಕೊಡಬೇಡಿ ಸ್ವಾಮಿ, ಬೋರ್ಡೂ ಹಾಕುತ್ತೇವೆ.) ಅದಕ್ಕೇ ಮಂಗಳವಾರ, ಗುರುವಾರ ಬೆಳಿಗ್ಗೆ 8ರಿಂದ 11ರವರೆಗೆ ಹೆಂಗಸರಿಗೆ ಮಾತ್ರ ಅಳತೆ. ಶೂ, ಗ್ಲೌಸ್ ಮಾತ್ರ ಮೊದಲಿನ ಹಾಗೇ ಬೇರೆ ಇರುತ್ತವೆ, ಪಾದ, ಬೆರಳಿನ ಅಳತೆ ನಿಜವಾಗಿಯೂ ಬೇರೆ.

ಕೆಲವು ಗಂಡಸರು "ಸಂಪ್ರದಾಯ" ಅಂದರು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಗಾಲ್ಫ್ ಸಂಘ 1754ರದು, ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಓಟು ಹಾಕಿದ್ದು 2014ರಲ್ಲಿ. ಅಮೆರಿಕದ ಆಗಸ್ಟಾ ಗಾಲ್ಫ್ ಸಂಘ ಹೆಂಗಸರನ್ನು ಸೇರಿಸಿಕೊಂಡದ್ದು 2012ರಲ್ಲಿ. ಅವರೇ ಬದಲಾದ ಮೇಲೆ ನಮ್ಮ ಒಂದು ಕಪಾಟಿಗೆ ಎಂಥಾ ಸಂಪ್ರದಾಯ?

ಉಳಿದಿರುವ ಐದು ಲೇಡೀಸ್ ಡಬ್ಬಿಗಳನ್ನು ಕೊಂಡ ಬೆಲೆಗೇ ಕೊಡುತ್ತೇವೆ, ಆದರೆ ಅಳತೆ ನೋಡಿದ ಮೇಲೆ, ಸರಿಹೊಂದಿದರೆ ಮಾತ್ರ. ಹೋದ ಎರಡು ವರ್ಷದಲ್ಲಿ ನಮ್ಮಿಂದ ಡಬ್ಬಿ ಕೊಂಡವರು ಅದನ್ನು ತನ್ನಿ. ಗ್ರಿಪ್ ಬದಲಿಸಬೇಕಿದ್ದರೆ ಕೂಲಿ ಇಲ್ಲ, ಗ್ರಿಪ್ಪಿನ ದುಡ್ಡು ಮಾತ್ರ. ಆಡುವಾಗ ಹಾಕುವ ಶೂ ಹಾಕಿಕೊಂಡೇ ಬನ್ನಿ, ಹೀಲ್ಸ್ ಇದ್ದರೆ ಅಳತೆ ತಪ್ಪುತ್ತದೆ.

ಹಾಂ, ಇನ್ನೊಂದು. ಸ್ಟೀಲ್ ಬಟ್ಟಲಿನಲ್ಲಿ ಮೂರು ವಾರದಿಂದ ಯಾರದೋ ಎರಡು ಬಳೆ ಹಾಗೇ ಇವೆ. ನಿಮ್ಮದಾದರೆ ಬಂದು ತಗೊಂಡು ಹೋಗಿ.

ಇಂತಿ,
ಅಂಗಡಿಯವರು