ಯಾವ ತಂಡ ಹಿಡಿಯಲಿ ಎಂದು ಮೆಲ್ಬರ್ನಿನಿಂದ ಕೇಳಿದ ಗೆಳೆಯನಿಗೆ

ಪ್ರಿಯ ರಘು,

ಆಸ್ಟ್ರೇಲಿಯಾದ ಬ್ಯಾಸ್ಕೆಟ್‌ಬಾಲ್ ಲೀಗ್ (ಎನ್‌ಬಿಎಲ್) ನೋಡಬೇಕು, ಯಾವ ತಂಡ ಹಿಡಿಯಲಿ ಅಂತ ಕೇಳಿದ್ದೀಯ. ಕಪ್‌ಗಳ ಪಟ್ಟಿ ನೋಡಿ ತೀರ್ಮಾನ ಮಾಡಬೇಡ ಮಾರಾಯ. ಸೌತ್ ಡ್ರ್ಯಾಗನ್ಸ್ ಅಂತ ನಿನ್ನೂರಿನದೇ ಒಂದು ತಂಡವಿತ್ತು. 2009ರಲ್ಲಿ ಚಾಂಪಿಯನ್ ಆಯಿತು, ಮುಂದಿನ ಸೀಸನ್ ಶುರುವಾಗುವ ಹೊತ್ತಿಗೆ ಲೀಗ್‌ನಲ್ಲೇ ಇರಲಿಲ್ಲ. ಎನ್‌ಬಿಎಲ್‌ನಲ್ಲಿ ಮೊದಲು ನೋಡಬೇಕಾದ್ದು ದುಡ್ಡು ಯಾರದು, ಆಡುವ ಜಾಗ ಯಾರದು ಅನ್ನೋದನ್ನ.

ಲೀಗ್ ಶುರುವಾದದ್ದು 1979ರಲ್ಲಿ, ಹತ್ತು ತಂಡಗಳೊಂದಿಗೆ. ಮೊದಲ ಫೈನಲ್‌ನಲ್ಲಿ ಮೆಲ್ಬರ್ನಿನ ಸೇಂಟ್ ಕಿಲ್ಡಾ ತಂಡ ಕ್ಯಾನ್‌ಬೆರಾವನ್ನು 94-93ರಿಂದ, ಒಂದೇ ಪಾಯಿಂಟ್ ಅಂತರದಲ್ಲಿ ಸೋಲಿಸಿತು. ಈ ಎರಡೂ ತಂಡಗಳ ಮುಂದಿನ ಕಥೆ ತಿಳಿದರೆ ಲೀಗ್ ಅರ್ಧ ಅರ್ಥವಾದ ಹಾಗೆ.

ಸೇಂಟ್ ಕಿಲ್ಡಾ ಹೆಸರು ಬದಲಿಸಿಕೊಂಡು ವೆಸ್ಟ್‌ಸೈಡ್ ಸೇಂಟ್ಸ್ ಆಯಿತು, ಆಮೇಲೆ ಸದರ್ನ್ ಮೆಲ್ಬರ್ನ್ ಸೇಂಟ್ಸ್. 1992ಕ್ಕೆ ಈಸ್ಟ್‌ಸೈಡ್ ಸ್ಪೆಕ್ಟರ್ಸ್ ಜೊತೆ ವಿಲೀನವಾಗಿ ಸೌತ್ ಈಸ್ಟ್ ಮೆಲ್ಬರ್ನ್ ಮ್ಯಾಜಿಕ್ ಹುಟ್ಟಿತು. ಅದು 1992, 1996ರಲ್ಲಿ ಕಪ್ ಗೆದ್ದರೂ 1998ರಲ್ಲಿ ನಾರ್ತ್ ಮೆಲ್ಬರ್ನ್ ಜೈಂಟ್ಸ್ ಜೊತೆ ಸೇರಿ ವಿಕ್ಟೋರಿಯಾ ಟೈಟನ್ಸ್ ಆಗಬೇಕಾಯಿತು. ಟೈಟನ್ಸ್ 2002ರಲ್ಲಿ ಕುಸಿಯಿತು. ಅದರ ಜಾಗಕ್ಕೆ ಬಂದ ವಿಕ್ಟೋರಿಯಾ ಜೈಂಟ್ಸ್ 2004ಕ್ಕೆ ಮುಗಿಯಿತು. ಒಂದೇ ನಗರದಲ್ಲಿ ಹಲವು ತಂಡ, ಅಷ್ಟೇ ಪ್ರೇಕ್ಷಕರು, ಅಷ್ಟೇ ಪ್ರಾಯೋಜಕರು. ವಿಲೀನ ಮಾಡಿದರೆ ಖರ್ಚು ಅರ್ಧವಾಗುತ್ತೆ ಅನ್ನೋ ಲೆಕ್ಕ ಸರಿ. ಆದರೆ ಎರಡು ತಂಡಗಳ ಅಭಿಮಾನಿಗಳೂ ಸೇರಿ ಒಂದಾಗುತ್ತಾರೆ ಅನ್ನೋ ಲೆಕ್ಕ ಹಾಗೆ ಸುಲಭವಾಗಿ ಕೂಡುವುದಿಲ್ಲ.

ಕ್ಯಾನ್‌ಬೆರಾದ್ದು ಇನ್ನೊಂದು ರೀತಿ. 1983, 1984, 1988ರಲ್ಲಿ ಗೆದ್ದ ತಂಡ ಅದು. 2003ರಲ್ಲಿ ಅದರ ಲೈಸೆನ್ಸ್, ಅಂದ್ರೆ ಲೀಗ್‌ನಲ್ಲಿ ಆಡುವ ಹಕ್ಕು, ನ್ಯೂಕಾಸಲ್‌ಗೆ ಹೋಗಿ ಹಂಟರ್ ಪೈರೇಟ್ಸ್ ಆಯಿತು, 2006ರಲ್ಲಿ ಅಲ್ಲಿಂದ ಹಾರಿ ಸಿಂಗಾಪುರ ಸ್ಲಿಂಗರ್ಸ್! ಪರ್ತ್‌ನಿಂದ ಆಕ್ಲೆಂಡ್‌ವರೆಗೆ ಹರಡಿದ ಲೀಗ್‌ಗೆ ಸಿಂಗಾಪುರವನ್ನೂ ಸೇರಿಸಿದರೆ ವಿಮಾನದ ಖರ್ಚೇ ತಂಡವನ್ನ ತಿನ್ನುತ್ತೆ. 2008ರಲ್ಲಿ ಅದೂ ಹಿಂದೆ ಸರಿಯಿತು.

ಆ 2008 ಲೀಗ್‌ಗೆ ಬಂದ ಕೆಟ್ಟ ವರ್ಷ. 2003ರಿಂದ ಸತತ ಮೂರು ಕಪ್ ಗೆದ್ದಿದ್ದ ಸಿಡ್ನಿ ಕಿಂಗ್ಸ್, ಪೆಟ್ರೋಲ್ ಉಳಿಸುವ ಗುಳಿಗೆ ಮಾರುತ್ತಿದ್ದ ಫೈರ್‌ಪವರ್ ಕಂಪನಿಯ ಮುಖ್ಯಸ್ಥನ ಕೈಗೆ ಹೋಗಿತ್ತು. ಕಂಪನಿ ಮುಳುಗಿತು, ಆಟಗಾರರ ಸಂಬಳ ನಿಂತಿತು, ಲೈಸೆನ್ಸ್ ರದ್ದಾಯಿತು. ಬ್ರಿಸ್ಬೇನ್ ಬುಲೆಟ್ಸ್ ಮಾಲೀಕನ ಶಿಶುಪಾಲನಾ ಕೇಂದ್ರಗಳ ಸಾಮ್ರಾಜ್ಯವೂ ಅದೇ ವರ್ಷ ಕುಸಿಯಿತು, ತಂಡ ಹೋಯಿತು. ಕಿಂಗ್ಸ್ 2010ಕ್ಕೆ ಮರಳಿದರೆ ಬುಲೆಟ್ಸ್ ವಾಪಸ್ ಬರಲು 2016 ಆಯಿತು. ಒಬ್ಬನೇ ಧಣಿ, ಒಂದೇ ವ್ಯವಹಾರ ನಂಬಿದ ತಂಡಗಳ ಗತಿ ಇದು.

1979ರ ಆ ಹತ್ತು ತಂಡಗಳಲ್ಲಿ ಒಂದು ಸೀಸನ್ನೂ ತಪ್ಪಿಸದೆ ಆಡಿಕೊಂಡು ಬಂದಿರೋದು ಇಲವಾರಾ ಹಾಕ್ಸ್ ಒಂದೇ. ಊರು ವೊಲಾಂಗಾಂಗ್, ನಮ್ಮ ಭದ್ರಾವತಿಯಂಥ ಉಕ್ಕಿನ ಊರು, ಪಕ್ಕದಲ್ಲೇ ಕಲ್ಲಿದ್ದಲು ಗಣಿ. 2009ರಲ್ಲಿ ಹೊಸ ರೂಪದ ಲೀಗ್‌ಗೆ ಸೇರಲು 10 ಲಕ್ಷ ಡಾಲರ್ ಬ್ಯಾಂಕ್ ಗ್ಯಾರಂಟಿ ಬೇಕಾಗಿತ್ತು. ಅಭಿಮಾನಿಗಳು, ಆಟಗಾರರು ಸೇರಿ ಚಂದಾ ಎತ್ತುತ್ತಿದ್ದಾಗ ಗ್ಯಾರಂಟಿ ಕೊಟ್ಟವರು ಯಾರು ಗೊತ್ತಾ? ಅಲ್ಲಿ ಗಣಿ ನಡೆಸುತ್ತಿದ್ದ ಗುಜರಾತ್ ಎನ್‌ಆರ್‌ಇ ಕಂಪನಿಯ ಅರುಣ್ ಜಗತ್ರಾಮ್ಕಾ. ಆಮೇಲೂ ತಂಡದ ಕಷ್ಟ ಮುಗಿಯಲಿಲ್ಲ, ಮಾಲೀಕರು ಬದಲಾಗುತ್ತಲೇ ಇದ್ದರು. ಮೊದಲ ಕಪ್ 2001ರಲ್ಲಿ, ಎರಡನೆಯದು 2025ರಲ್ಲಿ, ಅದೂ ನಿಮ್ಮ ಮೆಲ್ಬರ್ನ್ ಯುನೈಟೆಡ್ ಎದುರು, ಐದು ಪಂದ್ಯಗಳ ಫೈನಲ್ ಸರಣಿಯಲ್ಲಿ 3-2ರಿಂದ. ನನ್ನ ಓಟು ಇದಕ್ಕೇ.

ಹಳೆಯ ಅಂಕಿಅಂಶ ಓದುವಾಗ ಒಂದು ಎಚ್ಚರಿಕೆ. 1984ರಿಂದ 2009ರವರೆಗೆ ಪಂದ್ಯ 48 ನಿಮಿಷದ್ದು, ಆಮೇಲೆ 40. ಹಾಗಾಗಿ ಆ ಕಾಲದ ಪಂದ್ಯವೊಂದರ ಸರಾಸರಿಯನ್ನ ಆರರಿಂದ ಭಾಗಿಸಿ ಐದರಿಂದ ಗುಣಿಸು: ಅಂದಿನ 30 ಪಾಯಿಂಟ್ ಇಂದಿನ 25. ಹೀಗೆ ಕಡಿತ ಮಾಡಿದರೂ ಆಂಡ್ರ್ಯೂ ಗೇಜ್ ಎತ್ತರದಲ್ಲೇ ನಿಲ್ಲುತ್ತಾನೆ. ಮೆಲ್ಬರ್ನ್ ಟೈಗರ್ಸ್‌ಗೆ ಒಟ್ಟು 18,908 ಪಾಯಿಂಟ್, ಏಳು ಸಲ ಲೀಗ್‌ನ ಅತ್ಯುತ್ತಮ ಆಟಗಾರ. ಕೋಚ್ ಅವನ ಅಪ್ಪ ಲಿಂಡ್ಸೇ. ಸ್ಥಿರತೆ ಬೇಕಂದ್ರೆ ಪರ್ತ್ ವೈಲ್ಡ್‌ಕ್ಯಾಟ್ಸ್ ನೋಡು: ಹತ್ತು ಕಪ್, 1987ರಿಂದ ಸತತ 35 ಸೀಸನ್ ಪ್ಲೇಆಫ್, ಅಂದ್ರೆ ಕಪ್‌ಗಾಗಿ ನಡೆಯುವ ಕೊನೆಯ ಸುತ್ತು.

ಈಗಿನ ವ್ಯವಸ್ಥೆ 2015ರಿಂದ ಈಚಿನದು. ಲ್ಯಾರಿ ಕೆಸ್ಟಲ್‌ಮನ್ ಲೀಗ್‌ನ ಬಹುಪಾಲು ಕೊಂಡುಕೊಂಡ ಮೇಲೆ ಕೈ ಸಡಿಲವಾಯಿತು. ವಿದೇಶಿ ಆಟಗಾರರು ಎರಡರಿಂದ ಮೂರಾದರು. ಸಂಬಳದ ಮಿತಿ ಇದೆ, ಆದರೆ ದಾಟಬಹುದು, ದಾಟಿದವರು ದಂಡ ಕಟ್ಟಬೇಕು. ಅಮೆರಿಕದ ಲೀಗ್ ಎನ್‌ಬಿಎಗೆ ಹೋಗಲಿರುವ ಹುಡುಗರಿಗೆ ನೆಕ್ಸ್ಟ್ ಸ್ಟಾರ್ಸ್ ಅನ್ನೋ ಯೋಜನೆಯಿದೆ. ಅವರು ವಿದೇಶಿಯರ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದ ಲಮೆಲೊ ಬಾಲ್ ಹೀಗೇ ಹಾಕ್ಸ್‌ಗೆ ಬಂದು, ಕಾಲು ನೋವಾಗುವ ಮೊದಲು 12 ಪಂದ್ಯ ಆಡಿ, ಎನ್‌ಬಿಎ ತಂಡಗಳು ಹೊಸ ಆಟಗಾರರನ್ನ ಸರದಿಯಲ್ಲಿ ಆರಿಸಿಕೊಳ್ಳುವ 2020ರ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ ಆಯ್ಕೆಯಾದ. ನಮ್ಮವರ ಪೈಕಿ ಪಂಜಾಬಿನ ಅಮೃತ್‌ಪಾಲ್ ಸಿಂಗ್ 2017ರಲ್ಲಿ ಕಿಂಗ್ಸ್ ಸೇರಿದ್ದ.

ಮೆಲ್ಬರ್ನಿನಲ್ಲಿ ನಿನಗೆ ಎರಡು ದಾರಿ. ಯುನೈಟೆಡ್ ಅಂದ್ರೆ 2014ರಲ್ಲಿ ಹೆಸರು ಬದಲಿಸಿದ ಗೇಜ್‌ನ ಟೈಗರ್ಸ್. ಹಳಬರ ಎದುರು ಈ ವಿಷಯ ಎತ್ತಬೇಡ, ಕೆಲವರಿಗೆ ಇನ್ನೂ ಸಿಟ್ಟಿದೆ. 2019ರ ಸೌತ್ ಈಸ್ಟ್ ಮೆಲ್ಬರ್ನ್ ಫೀನಿಕ್ಸ್‌ಗೂ ಹಳೆಯ ಮ್ಯಾಜಿಕ್‌ಗೂ ಹೆಸರಷ್ಟೇ ನಂಟು, ಲೈಸೆನ್ಸ್ ಬೇರೆ. ಇಬ್ಬರಿಗೂ ಜಾನ್ ಕೇನ್ ಅರೀನಾ ತವರು. ಜನವರಿಯಲ್ಲಿ ಅದು ಆಸ್ಟ್ರೇಲಿಯನ್ ಓಪನ್ ಟೆನಿಸ್ ಪಾಲಾಗುವುದರಿಂದ ಆಗ ತಂಡಗಳು ಹೊರಗೆ ತಿರುಗಬೇಕು. ಫೀನಿಕ್ಸ್ ಕೆಲವು ಪಂದ್ಯಗಳನ್ನ ವಾಂಟಿರ್ನಾದ ಸ್ಟೇಟ್ ಬ್ಯಾಸ್ಕೆಟ್‌ಬಾಲ್ ಸೆಂಟರಿನಲ್ಲೂ ಆಡುತ್ತೆ. ಅದು ಚಿಕ್ಕ ಜಾಗ, ಟಿಕೆಟ್ ಬೇಗ ಖಾಲಿ, ಆದರೆ ಕೋರ್ಟಿನ ಪಕ್ಕದಲ್ಲೇ ಕೂತ ಹಾಗಿರುತ್ತೆ. ಸೀಸನ್ ಸೆಪ್ಟೆಂಬರ್ ಹೊತ್ತಿಗೆ ಶುರು. ಮೊದಲು ಯುನೈಟೆಡ್-ಫೀನಿಕ್ಸ್ ಪಂದ್ಯ ನೋಡು, ಆಮೇಲೆ ಹಾಕ್ಸ್ ಅಲ್ಲಿಗೆ ಬರುವ ದಿನಕ್ಕೆ ಒಂದು ಟಿಕೆಟ್ ತಗೋ.

ಇಂತಿ ನಿನ್ನ,
ಶ್ರೀಕಾಂತ