ಗೆಜ್ಜೆ ಬಿಚ್ಚಿದವರು ಮತ್ತೆ ಕಟ್ಟುವುದು ಯಾವಾಗ? ಕೇಂದ್ರ ಕ್ರೀಡಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಮನ್ಸುಖ್ ಮಾಂಡವೀಯ ಅವರಿಗೆ,

ನಮಸ್ಕಾರ. ಈ ಪತ್ರ ಕನ್ನಡದಲ್ಲಿದೆ. ನಿಮ್ಮ ಕಚೇರಿಯಲ್ಲಿ ಕನ್ನಡ ಬಲ್ಲವರು ಒಬ್ಬರಾದರೂ ಇರುತ್ತಾರೆ, ಅವರಿಂದ ಓದಿಸಿಕೊಳ್ಳಿ. ಇಂಗ್ಲಿಷಿನಲ್ಲಿ ಬರೆಯುವವರು ನಿಮಗೆ ಹೇಗೂ ಬೇಕಾದಷ್ಟು ಜನ ಇದ್ದಾರೆ.

ಮೊದಲು ಒಂದು ಥ್ಯಾಂಕ್ಸ್. ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್ ಫೆಬ್ರವರಿ 14ಕ್ಕೆ ಶುರು, 14 ಕ್ಲಬ್ಬುಗಳೂ ಆಡುತ್ತವೆ ಅಂತ 2026ರ ಜನವರಿ 6ರಂದು ನೀವು ಹೇಳಿದಾಗ ನನ್ನ 11 ವರ್ಷದ ಮಗಳು ಟಿವಿ ಮುಂದೆ ಕುಣಿದಳು. ಆಮೇಲೆ, ನಮ್ಮೂರಲ್ಲಿ ಎಷ್ಟು ಮ್ಯಾಚು ಅಂತ ಕೇಳಿದಳು. ಲೆಕ್ಕ ಹಾಕಿ ಹೇಳಿದೆ. ಒಬ್ಬರ ಜೊತೆ ಇನ್ನೊಬ್ಬರು ಒಂದೇ ಸಲ ಆಡುವುದು. ಒಟ್ಟು 91 ಮ್ಯಾಚು, ಒಂದು ಕ್ಲಬ್ಬಿಗೆ 13. ಅದರಲ್ಲಿ ತವರಿನಲ್ಲಿ ಆರೋ ಏಳೋ. ಕಳೆದ ಸೀಸನ್ನಿನಲ್ಲಿ 12 ಇತ್ತು. ಕುಣಿತ ಅಲ್ಲಿಗೆ ನಿಂತಿತು.

ಲೀಗ್ ಉಳಿಯಿತು ಅಂತ ಎಲ್ಲರೂ ನಿಟ್ಟುಸಿರು ಬಿಟ್ಟಿದ್ದಾರೆ. ನಾನು ಬರೆಯುತ್ತಿರುವುದು ಕ್ಲಬ್ಬುಗಳ ಬಗ್ಗೆ. ಎರಡೂ ಒಂದೇ ಅಲ್ಲ ಅನ್ನುವುದನ್ನು ಈ ಆರೇಳು ತಿಂಗಳು ನಮಗೆ ಚೆನ್ನಾಗಿಯೇ ಕಲಿಸಿವೆ.

ಏನಾಯಿತು ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಪತ್ರ ಓದುವ ಬೇರೆಯವರಿಗಾಗಿ ಎರಡು ಮಾತು. ನಮ್ಮ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ 15 ವರ್ಷಕ್ಕೆ ಒಂದು ಒಪ್ಪಂದ ಮಾಡಿಕೊಂಡಿತ್ತು. ಲೀಗ್ ನಡೆಸುವ ಎಫ್‌ಎಸ್‌ಡಿಎಲ್ ಕಂಪನಿ ವರ್ಷಕ್ಕೆ 50 ಕೋಟಿ ರೂಪಾಯಿ ಕೊಡುತ್ತಿತ್ತು. ಆ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುತ್ತದೆ ಅನ್ನುವುದು ಸಹಿ ಹಾಕಿದ ದಿನವೇ ಎಲ್ಲರಿಗೂ ಗೊತ್ತಿತ್ತು, ಅಲ್ವಾ? ಆದರೂ ಹೊಸ ಒಪ್ಪಂದ ಆಗದೆ ಜುಲೈನಲ್ಲಿ ಸೀಸನ್ ನಿಂತಿತು. ಆಗಸ್ಟ್ ಮೊದಲ ವಾರ ನಮ್ಮ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಚೆನ್ನೈ, ಒಡಿಶಾ ತಂಡಗಳ ಕಥೆಯೂ ಅದೇ. ಲೀಗ್ ನಡೆಸುವ ಹಕ್ಕಿಗೆ ಕರೆದಿದ್ದ ಟೆಂಡರ್ ನವೆಂಬರ್ 7ಕ್ಕೆ ಮುಗಿಯಿತು. ವರ್ಷಕ್ಕೆ ಕನಿಷ್ಠ 37.5 ಕೋಟಿ ಕೇಳಿದ್ದ ಆ ಟೆಂಡರಿಗೆ ಒಂದೇ ಒಂದು ಬಿಡ್ ಬರಲಿಲ್ಲ. ಡಿಸೆಂಬರಿನಲ್ಲಿ ಮುಖ್ಯ ಮಾಲೀಕರಾಗಿದ್ದ ಸಿಟಿ ಫುಟ್‌ಬಾಲ್ ಗ್ರೂಪ್ ಮುಂಬೈ ಸಿಟಿ ತಂಡದಿಂದ ಕೈತೊಳೆದುಕೊಂಡಿತು. ಹೊಸ ವರ್ಷದ ಹೊತ್ತಿಗೆ ಛೆಟ್ರಿ, ಗುರ್‌ಪ್ರೀತ್, ಝಿಂಗನ್ ಎಲ್ಲ ಸೇರಿ ನಮ್ಮನ್ನು ಉಳಿಸಿ ಅಂತ ಫಿಫಾಗೆ ಮೊರೆಯಿಟ್ಟರು. ದೇಶಕ್ಕೆ ಆಡಿದವರು ಹಾಗೆ ಕ್ಯಾಮೆರಾ ಮುಂದೆ ಕೈಮುಗಿದು ಕೇಳುವ ಹಾಗಾಯಿತಲ್ಲ ಅಂತ ಬೇಜಾರಾಯಿತು.

ನಾನು ದಕ್ಷಿಣ ಕನ್ನಡದವನು. ಫುಟ್‌ಬಾಲ್ ಹುಚ್ಚು ಹಿಡಿದದ್ದು ಬೆಂಗಳೂರಿಗೆ ಬಂದ ಮೇಲೆ. ಚಿಕ್ಕಂದಿನಲ್ಲಿ ನನಗೆ ಸೀಸನ್ ಅಂದರೆ ಯಕ್ಷಗಾನ ಮೇಳದ ತಿರುಗಾಟ. ನಿಮ್ಮ ಗುಜರಾತಿನಲ್ಲಿ ಭವಾಯಿ ಇದೆಯಲ್ಲ, ಹಾಗೆ ನಮ್ಮಲ್ಲಿ ಯಕ್ಷಗಾನ. ದೀಪಾವಳಿ ಕಳೆದ ಮೇಲೆ ಮೇಳ ಹೊರಡುತ್ತದೆ. ಮೇ ಕೊನೆಯ ಹೊತ್ತಿಗೆ ಪತ್ತನಾಜೆ ಬರುತ್ತದೆ, ಆವತ್ತು ಕಲಾವಿದರು ಗೆಜ್ಜೆ ಬಿಚ್ಚುತ್ತಾರೆ. ಮಳೆಗಾಲ ಪೂರ್ತಿ ಆಟ ಇಲ್ಲ. ಆದರೂ ಯಾರೂ ಗಾಬರಿಯಾಗುವುದಿಲ್ಲ, ಮತ್ತೆ ಗೆಜ್ಜೆ ಕಟ್ಟುವುದು ಯಾವಾಗ ಅನ್ನುವುದು ಗೊತ್ತಿರುತ್ತದೆ.

ಮೇಳಗಳಲ್ಲಿ ಎರಡು ಥರ. ಒಂದು ಟೆಂಟ್ ಮೇಳ. ಯಜಮಾನರೊಬ್ಬರು ದುಡ್ಡು ಹಾಕುತ್ತಾರೆ, ದೊಡ್ಡ ಹೆಸರಿನ ಕಲಾವಿದರನ್ನು ತರುತ್ತಾರೆ, ಟೆಂಟು ಹಾಕಿ ಟಿಕೆಟ್ ಮಾರುತ್ತಾರೆ. ಇನ್ನೊಂದು ಹರಕೆ ಮೇಳ. ದೇವಸ್ಥಾನದ ಹೆಸರಿನದು. ಊರಿನ ಒಂದೊಂದು ಮನೆಯವರು ಒಂದೊಂದು ರಾತ್ರಿಯ ಖರ್ಚು ಹೊರುತ್ತಾರೆ, ಆಟ ನೋಡುವವರಿಗೆಲ್ಲ ಫ್ರೀ. ಟೆಂಟ್ ಮೇಳಗಳು ಒಂದು ಕಾಲಕ್ಕೆ ಭಾರೀ ಮೆರೆದವು. ಆಮೇಲೆ ಎಷ್ಟೋ ಮೇಳ ಯಜಮಾನರ ಕೈ ಸೋತ ವರ್ಷವೇ ಟೆಂಟು ಸುತ್ತಿಟ್ಟವು. ಕಟೀಲು, ಮಂದಾರ್ತಿಯ ಹರಕೆ ಮೇಳಗಳಲ್ಲಿ ಮಾತ್ರ ಒಂದು ಆಟ ಆಡಿಸಬೇಕು ಅಂದರೆ ಇವತ್ತಿಗೂ ವರ್ಷಗಟ್ಟಲೆ ಕಾಯಬೇಕು.

ಸಾರ್, ನಮ್ಮ ಫುಟ್‌ಬಾಲ್ ಕ್ಲಬ್ಬುಗಳು ಟೆಂಟ್ ಮೇಳಗಳು.

ತಮಾಷೆಗೆ ಹೇಳುತ್ತಿಲ್ಲ. ಪುಣೆ ಸಿಟಿ 2019ರಲ್ಲಿ ಮುಚ್ಚಿತು, ಅದರ ಜಾಗಕ್ಕೆ ಹೈದರಾಬಾದ್ ಬಂತು. ಅದೇ ವರ್ಷ ದೆಹಲಿ ಡೈನಮೋಸ್ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಹೈದರಾಬಾದ್ 2022ರಲ್ಲಿ ಚಾಂಪಿಯನ್. ಮೂರೇ ವರ್ಷಕ್ಕೆ ಅದೂ ಗಂಟುಮೂಟೆ ಕಟ್ಟಿಕೊಂಡು ದೆಹಲಿಗೆ ಹೋಗಿ ಬೇರೆ ಹೆಸರು ಇಟ್ಟುಕೊಂಡಿತು. ಬ್ಯಾಂಕ್ ನೌಕರರ ವರ್ಗಾವಣೆ ಪಟ್ಟಿ ಓದಿದ ಹಾಗಿದೆ. ಇದಕ್ಕೂ ಮುಂಚೆ ಮುಂಬೈಯಲ್ಲಿ ಮಹೀಂದ್ರಾ ಯುನೈಟೆಡ್, ಫಗ್ವಾರಾದಲ್ಲಿ ಜೆಸಿಟಿ ಮುಚ್ಚಿದ್ದವು. ಮೊದಲ ರಾಷ್ಟ್ರೀಯ ಲೀಗ್ ಗೆದ್ದದ್ದೇ ಜೆಸಿಟಿ. ಹೈದರಾಬಾದಿನಲ್ಲಿ ಹಳದಿ ಜರ್ಸಿ ಹಾಕಿಕೊಂಡು ಕಪ್ ಗೆದ್ದ ರಾತ್ರಿ ಬೀದಿಯಲ್ಲಿ ಕುಣಿದ ಹುಡುಗ ಈಗ ಯಾರಿಗೆ ಕೂಗಬೇಕು?

ನಮ್ಮ ಬೆಂಗಳೂರಿನದು ಇನ್ನೂ ಹಳೆಯ ಕಥೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದ ರಾಮನ್ ಈ ಊರಿನವರು. ಅಹಮದ್ ಖಾನ್ ಕೂಡ ಇಲ್ಲಿಯವರೇ. ಬ್ಯಾಂಗಲೋರ್ ಮುಸ್ಲಿಮ್ಸ್ 1937, 1938ರಲ್ಲಿ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ತಂದಿತು. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ, ನಂಬದಿದ್ದರೆ ಬಂದು ನೋಡಿ. ಆಮೇಲೆ ಐಟಿಐ, ಎಚ್‌ಎಎಲ್ ಕಾಲ ಬಂತು. ಆ ತಂಡಗಳ ಬಗ್ಗೆ ಈಗ ಯಾರೂ ಮಾತಾಡುವುದಿಲ್ಲ. ಆದರೆ ಅವುಗಳಲ್ಲಿ ಒಂದು ಒಳ್ಳೆಯ ಗುಣ ಇತ್ತು. ಆಟಗಾರನಿಗೆ ಕಾರ್ಖಾನೆಯಲ್ಲಿ ನೌಕರಿ ಇರುತ್ತಿತ್ತು. ಸೀಸನ್ ನಿಂತರೂ, ಮೊಣಕಾಲು ಮುರಿದರೂ ಒಂದನೇ ತಾರೀಕು ಸಂಬಳ ಬರುತ್ತಿತ್ತು. ನಾವು ವೃತ್ತಿಪರರಾಗುತ್ತೇವೆ ಅಂತ ಆ ಪದ್ಧತಿಯನ್ನು ಬಿಟ್ಟೆವು. ಬಿಟ್ಟದ್ದು ತಪ್ಪಲ್ಲ. ಅದರ ಜಾಗದಲ್ಲಿ ಇನ್ನೊಂದು ಭದ್ರತೆ ಇಡದೇ ಹೋದದ್ದು ತಪ್ಪು.

ಬಿಎಫ್‌ಸಿ ಬಗ್ಗೆ ನನಗೆ ಪಕ್ಷಪಾತ ಇದೆ, ಮುಚ್ಚಿಡುವುದಿಲ್ಲ. 2013ರಲ್ಲಿ ಹುಟ್ಟಿ ಮೊದಲ ಸೀಸನ್ನಿನಲ್ಲೇ, ಆಗ ದೇಶದ ಮೊದಲ ದರ್ಜೆಯ ಲೀಗ್ ಆಗಿದ್ದ ಐ-ಲೀಗ್ ಗೆದ್ದ ತಂಡ ಅದು. 2016ರ ಅಕ್ಟೋಬರಿನಲ್ಲಿ ಕಂಠೀರವದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ಲಿಗೆ ಹೋದ ರಾತ್ರಿ ನಾನು ಗ್ಯಾಲರಿಯಲ್ಲಿದ್ದೆ. ಛೆಟ್ರಿ ಎರಡು ಗೋಲು. ಪಕ್ಕದಲ್ಲಿ ನಿಂತಿದ್ದ ಗುರುತು ಪರಿಚಯ ಇಲ್ಲದ ಮುದುಕರೊಬ್ಬರು ನನ್ನನ್ನು ತಬ್ಬಿಕೊಂಡು ತಮಿಳಿನಲ್ಲಿ ಏನೋ ಹೇಳಿದರು. ಅರ್ಥವಾಗಲಿಲ್ಲ, ಆದರೆ ಪೂರ್ತಿ ಅರ್ಥವಾಯಿತು.

ಅದೇ ಕ್ಲಬ್ಬು ಆಗಸ್ಟಿನಲ್ಲಿ ಸಂಬಳ ನಿಲ್ಲಿಸಿದಾಗ ಹೊರಡಿಸಿದ ಹೇಳಿಕೆಯಲ್ಲಿ ಇನ್ನೊಂದು ಮಾತೂ ಇತ್ತು. ಯುವ ತಂಡಗಳಿಗೆ, ಸಾಕರ್ ಶಾಲೆಗಳಿಗೆ ಏನೂ ತೊಂದರೆ ಇಲ್ಲ ಅಂತ. ಆ ಸಾಲನ್ನು ನಾನು ಎರಡು ಮೂರು ಸಲ ಓದಿದೆ. ಟಿವಿಯಲ್ಲಿ ಕಾಣುವ ತಂಡ ನಿಂತಿತು, ಶನಿವಾರ ಬೆಳಿಗ್ಗೆ ಮಕ್ಕಳು ಕೋನ್ ಸುತ್ತ ಓಡುವುದು ನಿಲ್ಲಲಿಲ್ಲ. ಯಾಕೆ? ಸಾಕರ್ ಶಾಲೆಗೆ ದುಡ್ಡು ಕೊಡುವವರು ಮಕ್ಕಳ ಅಪ್ಪ ಅಮ್ಮಂದಿರು. ಅದು ಯಾವ ಪ್ರಸಾರ ಒಪ್ಪಂದವನ್ನೂ ನಂಬಿಕೊಂಡಿಲ್ಲ. ಅಂದರೆ ಟೆಂಟ್ ಮೇಳದ ಒಳಗೇ ಒಂದು ಸಣ್ಣ ಹರಕೆ ಮೇಳ ಇದೆ. ಕ್ಲಬ್ಬುಗಳು ಉಳಿಯಬೇಕಾದರೆ ಈ ಭಾಗ ಬೆಳೆಯಬೇಕು.

ಎಲ್ಲ ಕಡೆ ಹೀಗೆ ನಡೆದಿಲ್ಲ. ನನಗೆ ಗೊತ್ತಿರುವ ಒಬ್ಬ ಹುಡುಗ ಬೇರೆ ರಾಜ್ಯದ ಒಂದು ಕ್ಲಬ್ಬಿನಲ್ಲಿ ಗೋಲ್‌ಕೀಪರ್‌ಗಳಿಗೆ ಕೋಚ್ ಆಗಿದ್ದ. ಹನ್ನೊಂದು ತಿಂಗಳ ಕಾಂಟ್ರಾಕ್ಟು. ಜೂನಿನಲ್ಲಿ ಮುಗಿಯಿತು, ಲೀಗ್ ಗ್ಯಾರಂಟಿ ಆಗಲಿ ನೋಡೋಣ ಅಂದರು. ಈಗ ಊರಿನಲ್ಲಿ ಭಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರುತ್ತಾನೆ. ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ ಅನ್ನುತ್ತಾರಲ್ಲ, ಹಾಗೆ. ಫೆಬ್ರವರಿ 14ಕ್ಕೆ ಲೀಗ್ ಶುರುವಾದರೂ ಅವನು ಮೈದಾನಕ್ಕೆ ವಾಪಸ್ ಬರುತ್ತಾನೋ ಇಲ್ಲವೋ ಗೊತ್ತಿಲ್ಲ.

ಜಪಾನಿನಲ್ಲಿ ಯೊಕೊಹಾಮಾ ಫ್ಲೂಗೆಲ್ಸ್ ಅಂತ ಒಂದು ಕ್ಲಬ್ಬಿತ್ತು. 1998ರಲ್ಲಿ ದುಡ್ಡು ಹಾಕುತ್ತಿದ್ದ ಕಂಪನಿ ಹಿಂದೆ ಸರಿಯಿತು. ಅದೇ ಊರಿನ ಎದುರಾಳಿ ತಂಡದ ಜೊತೆ ವಿಲೀನ ಅಂತ ತೀರ್ಮಾನವಾಯಿತು. ಆಟಗಾರರು ಏನು ಮಾಡಿದರು ಗೊತ್ತಾ? 1999ರ ಜನವರಿ 1ರಂದು ತಮ್ಮ ಕೊನೆಯ ಮ್ಯಾಚು ಆಡಿ ಎಂಪರರ್ಸ್ ಕಪ್ಪನ್ನೇ ಗೆದ್ದರು. ಗೆದ್ದು ಮುಚ್ಚಿಹೋದರು. ಅಭಿಮಾನಿಗಳು ಎದುರಾಳಿ ತಂಡಕ್ಕೆ ಕೂಗಲು ಒಪ್ಪಲಿಲ್ಲ. ತಾವೇ ಸೇರಿ ಯೊಕೊಹಾಮಾ ಎಫ್‌ಸಿ ಅಂತ ಹೊಸ ಕ್ಲಬ್ಬು ಕಟ್ಟಿದರು. ಅದು ಮೆಟ್ಟಿಲು ಹತ್ತಿ ಹತ್ತಿ 2007ರಲ್ಲಿ ಮೊದಲ ದರ್ಜೆಯ ಲೀಗಿಗೆ ಬಂತು. ಉಲ್ಟಾ ಉದಾಹರಣೆ ಬೇಕಾದರೆ ಚೀನಾ ಇದೆ. ಜಿಯಾಂಗ್ಸು 2020ರಲ್ಲಿ ಲೀಗ್ ಗೆದ್ದಿತು, ಮೂರು ತಿಂಗಳು ಕಳೆದ ಮೇಲೆ ಬಾಗಿಲು ಹಾಕಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಜಾತ್ರೆ ಮುಗಿದ ಮೇಲೆ ಬಯಲಲ್ಲಿ ಏನೂ ಇರಲಿಲ್ಲ.

ಇನ್ನು ನನ್ನ ಬೇಡಿಕೆಗಳು. ಸರ್ಕಾರ ಕ್ಲಬ್ಬುಗಳಿಗೆ ದುಡ್ಡು ಕೊಡಬೇಕು ಅಂತ ನಾನು ಕೇಳುತ್ತಿಲ್ಲ. ಕೊಟ್ಟರೆ ಇನ್ನೊಬ್ಬ ಯಜಮಾನ ಸಿಕ್ಕ ಹಾಗಾಗುತ್ತದೆ, ಅಷ್ಟೇ. ಲೈಸೆನ್ಸ್ ಕೊಡುವಾಗ ನಿಯಮ ಗಟ್ಟಿಯಾಗಿರಲಿ. ಸೀಸನ್ನಿಗೆ ಮುಂಚೆ ಪ್ರತಿ ಕ್ಲಬ್ಬು ಕೆಲವು ತಿಂಗಳ ಸಂಬಳವನ್ನು ಬ್ಯಾಂಕಿನಲ್ಲಿ ಠೇವಣಿ ಇಡಲಿ, ಅದಕ್ಕೆ ಫೆಡರೇಷನ್ನೂ ಕೈ ಹಾಕುವಂತಿಲ್ಲ, ಮಾಲೀಕರೂ ಕೈ ಹಾಕುವಂತಿಲ್ಲ. ಸಂಬಳ ನಿಂತರೆ ಅದರಿಂದ ಹೋಗಲಿ. ದೊಡ್ಡ ಆಟಗಾರರಿಗಿಂತ ಮೊದಲು ಮಸಾಜ್ ಮಾಡುವವರಿಗೆ, ಹುಲ್ಲು ನೋಡಿಕೊಳ್ಳುವವರಿಗೆ, ಕಿಟ್ ಹೊರುವವರಿಗೆ. ಇಷ್ಟು ಠೇವಣಿ ಇಡಲು ಆಗುವುದಿಲ್ಲ ಅನ್ನುವ ಕ್ಲಬ್ಬು ಹಾಸಿಗೆ ಇದ್ದಷ್ಟು ಕಾಲು ಚಾಚಲಿ, ಒಬ್ಬ ವಿದೇಶಿ ಆಟಗಾರ ಕಡಿಮೆಯಾದರೆ ನಮಗೇನೂ ಬೇಸರ ಇಲ್ಲ.

ಎರಡನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಪ್ರತಿ ಕ್ಲಬ್ಬಿನಲ್ಲೂ ಅಭಿಮಾನಿಗಳ ಟ್ರಸ್ಟಿಗೆ ಒಂದು ಷೇರು ಇರಬೇಕು. ಒಂದೇ ಒಂದು ಸಾಕು. ಲಾಭ ಬೇಡ, ಕೋಚ್ ಯಾರಾಗಬೇಕು ಅಂತ ಹೇಳುವ ಹಕ್ಕೂ ಬೇಡ. ಆದರೆ ಹೆಸರು, ಬಣ್ಣ, ಊರು ಬದಲಿಸಬೇಕಾದರೆ ಆ ಷೇರಿನ ಸಹಿ ಬೇಕು. ಇಂಗ್ಲೆಂಡಿನವರು 2025ರಲ್ಲಿ ಫುಟ್‌ಬಾಲಿಗೆ ಅಂತಲೇ ಕಾನೂನು ಮಾಡಿ, ಲಾಂಛನ, ಜರ್ಸಿ ಬಣ್ಣ ಬದಲಿಸಲು ಅಭಿಮಾನಿಗಳ ಒಪ್ಪಿಗೆ ಬೇಕು ಅಂದಿದ್ದಾರೆ. ಜರ್ಮನಿಯಲ್ಲಿ ಒಂದೆರಡು ಕ್ಲಬ್ ಬಿಟ್ಟರೆ ಅರ್ಧಕ್ಕಿಂತ ಜಾಸ್ತಿ ಮತ ಸದಸ್ಯರದ್ದೇ. ನಾವು ಅಷ್ಟು ದೂರ ಹೋಗುವುದು ಬೇಡ, ಇಲ್ಲಿ ದುಡ್ಡು ಹಾಕುವವರೇ ಕಡಿಮೆ. ಕ್ಲಬ್ಬನ್ನು ರಾತ್ರೋರಾತ್ರಿ ಲಾರಿಗೆ ಹೇರಿಕೊಂಡು ಹೋಗದಂತೆ ತಡೆದರೆ ಸಾಕು. 2025ರಲ್ಲಿ ನೀವೇ ಕ್ರೀಡಾ ಆಡಳಿತ ಕಾಯ್ದೆ ತಂದಿದ್ದೀರಿ. ಇಂಥದ್ದೊಂದು ನಿಯಮ ಮಾಡಿ ಅಂತ ಫೆಡರೇಷನ್ನಿಗೆ ಹೇಳುವುದು ನಿಮಗೆ ಕಷ್ಟವಾಗಲಾರದು.

ಮೈದಾನದ ವಿಷಯ ರಾಜ್ಯದ್ದು ಅಂತ ನೀವು ಹೇಳಬಹುದು. ನಿಜ. ಆದರೂ ರಾಜ್ಯಗಳಿಗೆ ಒಂದು ಪತ್ರ ಬರೆಯಿರಿ. ಕಂಠೀರವ ರಾಜ್ಯ ಸರ್ಕಾರದ ಸ್ಟೇಡಿಯಂ, ಸುತ್ತ ಅಥ್ಲೆಟಿಕ್ಸ್ ಟ್ರ್ಯಾಕ್ ಇದೆ. ಓಟಗಾರರಿಗೂ ನಮಗೂ ವರ್ಷಗಳಿಂದ ಜಟಾಪಟಿ. ಅವರ ಸಿಟ್ಟಿನಲ್ಲಿ ನ್ಯಾಯ ಇದೆ, ಅವರ ಟ್ರ್ಯಾಕು ಅವರಿಗೇ ಇರಲಿ. ನಮಗೆ 25 ಸಾವಿರ ಸೀಟು ಬೇಕಾಗಿಯೇ ಇಲ್ಲ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನಂಥ ಸಣ್ಣ ಜಾಗ ಸಾಕು. ಮೊದಲ ಸೀಸನ್ನಿನ ತವರು ಮ್ಯಾಚುಗಳನ್ನು ಬಿಎಫ್‌ಸಿ ಅಲ್ಲೇ ಆಡಿದ್ದು. ಅಂಥ ಮೈದಾನ 20, 30 ವರ್ಷದ ಲೀಸಿಗೆ ಸಿಕ್ಕರೆ ಕ್ಲಬ್ಬು ಅಲ್ಲಿ ಮಕ್ಕಳಿಗೆ ಕಲಿಸುತ್ತದೆ, ಸಂಜೆ ಬಾಡಿಗೆಗೆ ಕೊಡುತ್ತದೆ, ಒಂದು ಕ್ಯಾಂಟೀನ್ ಇಡುತ್ತದೆ. ಟಿಕೆಟ್ ದುಡ್ಡಿನಲ್ಲಿ ಕ್ಲಬ್ ನಡೆಯುವುದಿಲ್ಲ, ಗೊತ್ತು. ಆದರೆ ಲೀಗ್ ಇಲ್ಲದ ತಿಂಗಳಲ್ಲೂ ದೀಪ ಉರಿಯುವಷ್ಟು ದುಡ್ಡು ಇಂಥ ಕಡೆಯಿಂದಲೇ ಬರಬೇಕು.

ಲೀಗ್ ಯಾರ ಕೈಯಲ್ಲಿರಬೇಕು ಅನ್ನುವ ಜಗಳದಲ್ಲಿ ನಾನು ಜಾಸ್ತಿ ತಲೆಹಾಕುವುದಿಲ್ಲ. ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್ ಅದರಲ್ಲಿ ಆಡುವ 20 ಕ್ಲಬ್ಬುಗಳದ್ದೇ. ಇಲ್ಲೂ ಹಾಗಾದರೆ ಒಳ್ಳೆಯದೇ. ಒಂದು ಎಚ್ಚರಿಕೆ ಮಾತ್ರ. ಒಳಗಿರುವವರ ಕೈಗೆ ಬೀಗ ಕೊಟ್ಟರೆ ಬಾಗಿಲು ಹಾಕಿಕೊಳ್ಳುತ್ತಾರೆ. ಆಮೇಲೆ ಎರಡನೇ ದರ್ಜೆಗೆ ಇಳಿದ ಐ-ಲೀಗಿನ ಕ್ಲಬ್ಬುಗಳು ಹೊರಗೆ ನಿಂತಿವೆ. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಫೆಡರೇಷನ್ ಸಂವಿಧಾನದಲ್ಲಿ ಮೇಲಿನ ಲೀಗಿಗೆ ಬಡ್ತಿ, ಕೆಳಗಿನ ಲೀಗಿಗೆ ಹಿಂಬಡ್ತಿ ಎರಡೂ ಇವೆ. ಅದು ಕಾಗದದಲ್ಲೇ ಉಳಿಯದಿರಲಿ.

ಕೊನೆಗೆ ಒಂದು ತಾರೀಕು ಕೇಳುತ್ತೇನೆ. ಈ ಸಲದ ಪತ್ತನಾಜೆ ಮೇ 24ರ ಆಸುಪಾಸು. ಆ ಹೊತ್ತಿಗೆ ನಮ್ಮೂರಿನ ಮೇಳದವರು ಮುಂದಿನ ತಿರುಗಾಟಕ್ಕೆ ಕಲಾವಿದರನ್ನು ಗೊತ್ತು ಮಾಡಿಕೊಳ್ಳುವ ಮಾತು ಶುರುಮಾಡಿರುತ್ತಾರೆ. ನಿಮ್ಮ ಲೀಗಿನ ಮುಂದಿನ ಸೀಸನ್ ಯಾವತ್ತು ಶುರು, ಯಾವತ್ತು ಮುಗಿಯುತ್ತದೆ, ತವರಿನಲ್ಲಿ ಎಷ್ಟು ಮ್ಯಾಚು ಅನ್ನುವುದೂ ಅಷ್ಟರೊಳಗೆ ಹೊರಬೀಳಲಿ. ನಾನು ಮಗಳ ಸೀಸನ್ ಟಿಕೆಟ್ಟಿಗೆ ದುಡ್ಡು ತೆಗೆದಿಡಬೇಕು. ಹಾರ್ಡ್‌ವೇರ್ ಅಂಗಡಿಯ ಹುಡುಗನಿಗೂ ಒಂದು ಫೋನ್ ಮಾಡಬೇಕು.

ಇಂತಿ,
ಕಂಠೀರವದ ಪಶ್ಚಿಮ ಗ್ಯಾಲರಿಯ ಒಬ್ಬ ಪ್ರೇಕ್ಷಕ