ಹೆಸರು ತಿಳಿಯದ ಆ ಹಿರಿಯರಿಗೆ ಕೃತಜ್ಞತೆಗಳು

ಇಂಗ್ಲೆಂಡಿನ ಉತ್ತರ ಭಾಗದ ಊರೊಂದರಲ್ಲಿ ನಡೆದ ನಾರ್ದರ್ನ್ ಸೋಲ್ (ಅಮೆರಿಕದ ಕಪ್ಪು ಜನರ ಹಳೆಯ ಸೋಲ್ ಹಾಡುಗಳಿಗೆ ಕುಣಿಯುವ, ಉತ್ತರ ಇಂಗ್ಲೆಂಡಿನಲ್ಲಿ ಬೆಳೆದ ಹವ್ಯಾಸ) ಕೂಟದಲ್ಲಿ, ಗೋಡೆಗೊರಗಿ ನಿಂತಿದ್ದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಸಂಗೀತದ ಚರಿತ್ರೆಯನ್ನೇ ತಿಳಿಸಿಕೊಟ್ಟ ಹಿರಿಯರಿಗೆ ನನ್ನ ಹೃತ್ಪೂರ್ವಕ ಧನ್ಯವಾದಗಳು.

1973ರಿಂದ 1981ರವರೆಗೆ ಉತ್ತರ ಇಂಗ್ಲೆಂಡಿನ ವಿಗನ್ ಊರಿನ ಕುಣಿತದ ಕ್ಲಬ್ಬಾದ ವಿಗನ್ ಕ್ಯಾಸಿನೊದಲ್ಲಿ ನಡೆದ ಇರುಳಿಡೀ ಕುಣಿತಕ್ಕೆ ಅವರು ತಪ್ಪದೆ ಹೋಗುತ್ತಿದ್ದರಂತೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಅಚ್ಚಾಗಿ, ಅಲ್ಲಿ ಹೆಚ್ಚು ಜನ ಕೊಳ್ಳದೆ ಗೋದಾಮುಗಳಲ್ಲಿ ಉಳಿದುಹೋಗಿದ್ದ ಏಳಿಂಚಿನ ರೆಕಾರ್ಡುಗಳನ್ನು ಹುಡುಕಿ ತಂದ ಡಿಜೆಗಳು, ಪೈಪೋಟಿಯವರಿಗೆ ಗುಟ್ಟು ತಿಳಿಯಬಾರದೆಂದು ಲೇಬಲ್ಲಿನ ಮೇಲೆ ಕಾಗದ ಅಂಟಿಸಿ, ಗಾಯಕರಿಗೆ ಸುಳ್ಳು ಹೆಸರನ್ನಿಟ್ಟು ನುಡಿಸುತ್ತಿದ್ದ ಬಗೆಯನ್ನು ಅವರು ವಿವರಿಸಿದಾಗ, ಈ ಹವ್ಯಾಸದ ಹಿಂದಿದ್ದ ತೀವ್ರತೆ ನನಗೆ ಮೊದಲ ಬಾರಿಗೆ ಅರ್ಥವಾಯಿತು. ಅಮೆರಿಕದ ಗಾಯಕ ಫ್ರಾಂಕ್ ವಿಲ್ಸನ್ 1965ರಲ್ಲಿ ಹಾಡಿದ, ಬೆರಳೆಣಿಕೆಯ ಪ್ರತಿಗಳಷ್ಟೇ ಉಳಿದಿರುವ ರೆಕಾರ್ಡೊಂದು 2009ರಲ್ಲಿ 25,000 ಪೌಂಡಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು. ಆದರೆ ಅವರು ಬೆಲೆಯ ಮಾತಿಗಿಂತ ಆ ಹಾಡಿನ ತಾಳದ ಬಗ್ಗೆಯೇ ಹೆಚ್ಚು ಹೊತ್ತು ಮಾತನಾಡಿದರು, ಮತ್ತು ಅದೇ ಸರಿಯೆಂದು ನನಗೂ ಅನ್ನಿಸುತ್ತದೆ.

ಕಾಲು ಸರಾಗವಾಗಿ ಜಾರಲೆಂದು ನೆಲಕ್ಕೆ ಟಾಲ್ಕಂ ಪೌಡರ್ ಉದುರಿಸಿ, ಹಿಮ್ಮಡಿ ತಿರುಗಿಸುವ ಕ್ರಮವನ್ನು ಅವರು ತಾಳ್ಮೆಯಿಂದ ಹೇಳಿಕೊಟ್ಟರು. ಕ್ಯಾಸಿನೊದ ರಾತ್ರಿಗಳನ್ನು ಮುಗಿಸುತ್ತಿದ್ದ ಮೂರು ಹಾಡುಗಳ ಗಾಯಕರಾದ ಟೋಬಿ ಲೆಜೆಂಡ್, ಜಿಮ್ಮಿ ರ‍್ಯಾಡ್‌ಕ್ಲಿಫ್ ಮತ್ತು ಡೀನ್ ಪ್ಯಾರಿಶ್ ಅವರ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಟ್ಟರು. ಆ ಹಾಡುಗಳನ್ನೀಗ ನಾನು ದಿನವೂ ಕೇಳುತ್ತಿದ್ದೇನೆ. ಅವರನ್ನು ಬಲ್ಲವರು ಯಾರಾದರೂ ಇದನ್ನು ಓದಿದರೆ, ದಯವಿಟ್ಟು ನನ್ನ ಕೃತಜ್ಞತೆಯನ್ನು ಅವರಿಗೆ ತಲುಪಿಸಬೇಕೆಂದು ವಿನಂತಿಸುತ್ತೇನೆ.